ಒಂದು ಮೀಟರ್ ಚೌಕದೊಳಗೆ ಪರಿಸರ ಪಾಠ

ಮಕ್ಕಳನ್ನು ಬಯಲಿಗೆ ಕರೆದೊಯ್ದು ‘ಸುತ್ತ ನೋಡಿ’ ಎಂದರೆ ಐದು ನಿಮಿಷದಲ್ಲಿ ಓಡಾಟ ಶುರುವಾಗುತ್ತದೆ. ನೋಡುವ ಜಾಗಕ್ಕೆ ಗಡಿ ಹಾಕಿಕೊಟ್ಟರೆ ಅದೇ ಮಕ್ಕಳು ಮಂಡಿಯೂರಿ ಕೂರುತ್ತಾರೆ. ನೆಲದ ಮೇಲೆ ದಾರದಿಂದ ಒಂದು ಮೀಟರ್ ಬದಿಯ ಚೌಕ ಕಟ್ಟಿ, ಅದರೊಳಗಿನ ಜೀವಿಗಳನ್ನು ನೋಡಿ ಎಣಿಸುವ, 3ರಿಂದ 5ನೇ ತರಗತಿಯವರಿಗೆ ಹೊಂದುವ ಈ ಚಟುವಟಿಕೆಗೆ 40 ನಿಮಿಷ ಸಾಕು.

ನಾಲ್ವರ ಗುಂಪಿಗೆ ಬೇಕಾದದ್ದು: ನಾಲ್ಕೂವರೆ ಮೀಟರ್ ಬಣ್ಣದ ಹತ್ತಿದಾರ, ಗೇಣುದ್ದದ ನಾಲ್ಕು ಗೂಟ, ಅಳತೆ ಟೇಪು, ಭೂತಗನ್ನಡಿ, ರಟ್ಟು, ಹಾಳೆ, ಪೆನ್ಸಿಲ್. ನೈಲಾನ್ ದಾರ ಬೇಡ, ಗಂಟು ಜಾರುತ್ತದೆ. ಗೂಟದ ಮೇಲ್ತುದಿ ಮೊಂಡಾಗಿರಲಿ. ಬಗ್ಗಿ ನೋಡುವ ಮಗುವಿನ ಕಣ್ಣಿಗೆ ಅದೇ ದೊಡ್ಡ ಅಪಾಯ.

ಶಿಕ್ಷಕರು ಹಿಂದಿನ ದಿನವೇ ಜಾಗ ನೋಡಿಬರಬೇಕು. ಗಾಜಿನ ಚೂರು, ಮುಳ್ಳು, ಕಣಜದ ಗೂಡು ಇರುವಲ್ಲಿ ಚೌಕ ಹಾಕಬಾರದು. ಜಾಗದ ಆಯ್ಕೆಯನ್ನು ಮಕ್ಕಳಿಗೇ ಬಿಟ್ಟರೆ ಎಲ್ಲರೂ ಹೂವಿದ್ದಲ್ಲಿಗೇ ನುಗ್ಗುತ್ತಾರೆ. ಅರ್ಧ ಗುಂಪುಗಳಿಗೆ ಮರದ ನೆರಳು, ಉಳಿದವರಿಗೆ ಬಿಸಿಲು ಎಂದು ಹಂಚಿಬಿಡಿ. ಕೊನೆಗೆ ಹೋಲಿಸಲು ಏನಾದರೂ ಬೇಕಲ್ಲ!

ದಾರಕ್ಕೆ ಮೀಟರಿಗೊಂದು ಗುರುತು ಹಾಕುವ ಕೆಲಸ ತರಗತಿಯಲ್ಲೇ ಮುಗಿಯಲಿ. ಗೂಟ ನೆಟ್ಟು ದಾರ ಬಿಗಿದ ಮೇಲೆ ಎರಡೂ ಕರ್ಣಗಳನ್ನು ಅಳೆಸಿ. ಎರಡೂ ಸುಮಾರು 141 ಸೆಂ.ಮೀ. ಬಂದರೆ ಚೌಕ ಸರಿ. ಒಂದು ಉದ್ದ, ಒಂದು ಗಿಡ್ಡ ಬಂದರೆ ಚೌಕ ವಾಲಿದೆ ಎಂದರ್ಥ. ಬದಿಗಳು ಮೀಟರ್ ಉದ್ದವೇ ಇದ್ದರೂ ಒಳಗಿನ ಜಾಗ ಕಡಿಮೆಯಾಗಿ ಹೋಲಿಕೆ ಕೆಡುತ್ತದೆ.

ಮೊದಲ ಮೂರು ನಿಮಿಷ ಕೈ ಬೆನ್ನ ಹಿಂದೆ. ಬರೀ ಕಣ್ಣಿಗೆ ಕೆಲಸ. ಅವಸರದಲ್ಲಿ ಎಲೆ ಸರಿಸಿದರೆ ಹುಳುಗಳು ಎಣಿಸುವ ಮೊದಲೇ ಅಡಗಿಕೊಳ್ಳುತ್ತವೆ. ಆಮೇಲೆ ಕಡ್ಡಿಯಿಂದ ತರಗೆಲೆ ಮೆಲ್ಲಗೆ ಎತ್ತಿ ನೋಡಲಿ. ಕಲ್ಲನ್ನು ಶಿಕ್ಷಕರೇ ಎತ್ತಬೇಕು. ಆಚೆ ಅಂಚನ್ನು ಎತ್ತಿ ತಮ್ಮ ಕಡೆಗೆ ವಾಲಿಸಿದರೆ, ಅಡಿಯಲ್ಲಿ ಚೇಳಿದ್ದರೂ ಕಲ್ಲೇ ಅಡ್ಡವಾಗಿರುತ್ತದೆ. ಆಚೆ ಬದಿಯಲ್ಲಿ ಮಕ್ಕಳು ನಿಲ್ಲಬಾರದು. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ ಇಡಿ. ಅಡಿಯ ತೇವ ಆರಿದರೆ ಅಲ್ಲಿನ ಜೀವಿಗಳಿಗೆ ಕುತ್ತು.

‘ಇದರ ಹೆಸರೇನು ಮಿಸ್?’ ಎಂದು ಕೇಳಿಯೇ ಕೇಳುತ್ತಾರೆ. ಕೂಡಲೇ ಹೆಸರು ಹೇಳಿದರೆ ನೋಡುವುದು ಅಲ್ಲಿಗೇ ನಿಲ್ಲುತ್ತದೆ. ‘ಕಾಲೆಷ್ಟು?’ ಎಂದು ತಿರುಗಿ ಕೇಳಿ. ಆರಿದ್ದರೆ ಕೀಟ, ಎಂಟಿದ್ದರೆ ಹೆಚ್ಚಾಗಿ ಜೇಡ. ತುಂಬ ಕಾಲಿದ್ದರೆ ದೇಹದ ಒಂದೊಂದು ಖಂಡವನ್ನು ನೋಡಿ: ಒಂದು ಜೊತೆ ಕಾಲಿದ್ದರೆ ಶತಪದಿ, ಬಹುತೇಕ ಖಂಡಗಳಲ್ಲಿ ಎರಡು ಜೊತೆಯಿದ್ದರೆ ಸಹಸ್ರಪದಿ. ಶತಪದಿ ಕಚ್ಚುತ್ತದೆ, ಮುಟ್ಟಿಸಬೇಡಿ.

ಎಣಿಕೆ ತಪ್ಪುವುದು ಇರುವೆಯಲ್ಲಿ. ಚೌಕದ ತುಂಬ ಓಡಾಡುವ ಇರುವೆಗಳನ್ನು ಎಣಿಸಹೊರಟರೆ ಒಂದೇ ಇರುವೆ ಮೂರು ಸಲ ಲೆಕ್ಕಕ್ಕೆ ಬರುತ್ತದೆ. ಒಂದೇ ಬದಿಯ ದಾರವನ್ನು ಒಂದು ನಿಮಿಷದಲ್ಲಿ ಎಷ್ಟು ಇರುವೆ ದಾಟಿದವು ಎಂದು ಬರೆದುಕೊಳ್ಳಲಿ. ಹುಲ್ಲನ್ನಂತೂ ಎಣಿಸಲೇಬಾರದು. ಚೌಕವನ್ನು ಮನಸ್ಸಿನಲ್ಲೇ ನಾಲ್ಕು ಪಾಲು ಮಾಡಿ, ಎಷ್ಟು ಪಾಲು ಹಸಿರಿದೆ ಎಂದು ಅಂದಾಜಿಸಿದರೆ ಸಾಕು.

ಹಾಳೆಯಲ್ಲಿ ದಿನಾಂಕ, ಗಂಟೆ, ಬಿಸಿಲೋ ನೆರಳೋ ಎಂಬುದು ಇರಲೇಬೇಕು. ಇಲ್ಲದಿದ್ದರೆ ಮಳೆಯ ನಂತರ ಅದೇ ಜಾಗವನ್ನು ಮತ್ತೆ ನೋಡಿದಾಗ ಹೋಲಿಸಲು ಆಗದು. ಹೊರಡುವ ಮುನ್ನ ಗೂಟಗಳನ್ನು ಎಣಿಸಿಕೊಳ್ಳಿ. ಒಳಗೆ ಹೋದೊಡನೆ ಎಲ್ಲರೂ ಸೋಪಿನಿಂದ ಕೈ ತೊಳೆಯಲಿ.