ವರ್ಡ್‌ಪರ್ಫೆಕ್ಟ್ 5.1: ಆಯ್ದ ಭಾಗವನ್ನು ಇನ್ನೊಂದು ಕಡತಕ್ಕೆ ಒಯ್ಯುವ ಮ್ಯಾಕ್ರೋ

1989ರಲ್ಲಿ ಹೊರಬಂದ, ಡಾಸ್ ಎಂಬ ಹಳೆಯ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಓಡುವ ಬರವಣಿಗೆಯ ತಂತ್ರಾಂಶ ವರ್ಡ್‌ಪರ್ಫೆಕ್ಟ್ 5.1ರಲ್ಲಿ ಒಮ್ಮೆಗೆ ಎರಡೇ ಕಡತಗಳನ್ನು ತೆರೆದಿಡಬಹುದು. ಶಿಫ್ಟ್-ಎಫ್3 ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತೇವೆ. ಈಗ ಯಾವುದರಲ್ಲಿದ್ದೇವೆ ಎಂಬುದನ್ನು ಪರದೆಯ ಕೆಳಸಾಲಿನ ‘ಡಾಕ್ 1’, ‘ಡಾಕ್ 2’ ಎಂಬ ಗುರುತು ಹೇಳುತ್ತದೆ. ಬರೀ ಅತ್ತಿತ್ತ ಹೋಗಿಬರಲು ಮ್ಯಾಕ್ರೋ (ಒತ್ತಿದ ಕೀಲಿಗಳ ಸರಣಿಯನ್ನು ದಾಖಲಿಸಿಟ್ಟು, ಬೇಕಾದಾಗ ಒಮ್ಮೆಗೇ ಮತ್ತೆ ಓಡಿಸುವ ಸೌಲಭ್ಯ) ಬೇಕಾಗಿಲ್ಲ. ಒಂದು ಕಡತವನ್ನು ಓದುತ್ತ, ಬೇಕೆನಿಸಿದ ಭಾಗಗಳನ್ನು ಇನ್ನೊಂದರ ಕೊನೆಗೆ ಸೇರಿಸುತ್ತ ಹೋಗುವವರಿಗೆ ಮಾತ್ರ ಅದರಿಂದ ನಿಜವಾದ ಉಪಯೋಗವಿದೆ.

ದಾಖಲಿಸುವಾಗ ಒತ್ತಿದ ಕೀಲಿಗಳೆಲ್ಲ ನಿಜವಾಗಿಯೇ ಕೆಲಸ ಮಾಡುವುದರಿಂದ, ಹಾಳಾದರೂ ಚಿಂತೆಯಿಲ್ಲದ ಎರಡು ಕಡತಗಳನ್ನು ತೆರೆದುಕೊಳ್ಳಿ. ಡಾಕ್ 1ರಲ್ಲಿ ಎಫ್12 ಒತ್ತಿ ಒಂದು ಪ್ಯಾರಾ ಆಯ್ದುಕೊಂಡ ಮೇಲೆ ಕಂಟ್ರೋಲ್-ಎಫ್10 ಒತ್ತಿ, ಹೆಸರು ಕೇಳಿದಾಗ ಆಲ್ಟ್-ಸಿ ಕೊಟ್ಟು, ವಿವರಣೆ ಬರೆದು ಎಂಟರ್ ಒತ್ತಿರಿ. ಕೆಳಗೆ ‘ಮ್ಯಾಕ್ರೋ ಡೆಫ್’ ಮಿನುಗುತ್ತಿದ್ದರೆ ದಾಖಲೆ ನಡೆಯುತ್ತಿದೆ ಎಂದರ್ಥ. ಈಗ ಕಂಟ್ರೋಲ್-ಎಫ್4, ನಂತರ 1 (ಆಯ್ದ ಭಾಗ), ನಂತರ 2 (ನಕಲು) ಒತ್ತಿದರೆ, ಕರ್ಸರ್ ಸರಿಸಿ ಎಂಟರ್ ಒತ್ತುವಂತೆ ಸೂಚನೆ ಬರುತ್ತದೆ. ಆಗ ಶಿಫ್ಟ್-ಎಫ್3, ಹೋಮ್, ಹೋಮ್, ಕೆಳಬಾಣ, ಎಂಟರ್. ಪ್ಯಾರಾ ಬಂದು ಕೂತರೂ ಕರ್ಸರ್ ಅದರ ಮುಂದೆಯೇ ನಿಂತಿರುತ್ತದೆ. ಆದ್ದರಿಂದ ಮತ್ತೆ ಹೋಮ್, ಹೋಮ್, ಕೆಳಬಾಣ ಒತ್ತಿ, ಮುಂದಿನ ಪ್ಯಾರಾಕ್ಕೆ ಜಾಗ ಬಿಡಲು ಎರಡು ಸಲ ಎಂಟರ್ ಒತ್ತಿರಿ. ಶಿಫ್ಟ್-ಎಫ್3ರಿಂದ ಹಿಂದಿರುಗಿ, ಕಂಟ್ರೋಲ್-ಎಫ್10ರಿಂದ ದಾಖಲೆ ಮುಗಿಸಿ. ಮ್ಯಾಕ್ರೋ ‘ಆಲ್ಟ್‌ಸಿ.ಡಬ್ಲ್ಯುಪಿಎಂ’ ಎಂಬ ಕಡತವಾಗಿ ಉಳಿಯುತ್ತದೆ. ಮುಂದೆ ಭಾಗವನ್ನು ಆಯ್ದು ಆಲ್ಟ್-ಸಿ ಒತ್ತಿದರೆ ಸಾಕು.

ಕೀಲಿಗಳ ಕ್ರಮ ತಪ್ಪಬಾರದು. ಆಯ್ಕೆ ಜಾರಿಯಲ್ಲಿರುವಾಗಲೇ ಶಿಫ್ಟ್-ಎಫ್3 ಒತ್ತಿದರೆ ಕಡತ ಬದಲಾಗುವುದಿಲ್ಲ; ಇಂಗ್ಲಿಷಿನ ದೊಡ್ಡಕ್ಷರವೋ ಚಿಕ್ಕಕ್ಷರವೋ ಎಂದು ತಂತ್ರಾಂಶ ಕೇಳುತ್ತದೆ. ಒಂದೇ ಕೀಲಿಗೆ ಇಷ್ಟು ದೂರದ ಎರಡು ಕೆಲಸಗಳನ್ನು ಹೊರಿಸಿದ್ದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಏನನ್ನೂ ಆಯ್ಕೆ ಮಾಡದೆ ಮ್ಯಾಕ್ರೋ ಓಡಿಸಿದರೆ, 1 ಎಂಬುದು ‘ವಾಕ್ಯ’ ಎಂದಾಗಿ, ಕರ್ಸರ್ ಇದ್ದ ವಾಕ್ಯವೊಂದೇ ನಕಲಾಗಿ ಹೋಗುತ್ತದೆ. ಡಾಕ್ 2ರಲ್ಲಿದ್ದು ಒತ್ತಿದರಂತೂ ಆಯ್ದದ್ದು ಡಾಕ್ 1ರ ಬಾಲಕ್ಕೆ ಅಂಟಿಕೊಳ್ಳುತ್ತದೆ, ಆದ್ದರಿಂದ ಕೆಳಸಾಲನ್ನೊಮ್ಮೆ ನೋಡಿಯೇ ಒತ್ತಿರಿ.

ಇಂದಿನ ಕಂಪ್ಯೂಟರಿನಲ್ಲಿ ಡಾಸ್ ತಂತ್ರಾಂಶಗಳನ್ನು ನಡೆಸುವ ಡಾಸ್‌ಬಾಕ್ಸ್‌ನಲ್ಲಿ ಓಡಿಸುವವರಿಗೆ ಇನ್ನೊಂದು ತೊಡಕಿದೆ. ಕಂಟ್ರೋಲ್-ಎಫ್10 ಅಲ್ಲಿ ಮೌಸನ್ನು ಹಿಡಿದು ಬಿಡುವ ಕೀಲಿ. ಕಂಟ್ರೋಲ್-ಎಫ್4ನ್ನೂ ಅದು ತನಗೇ ಇಟ್ಟುಕೊಂಡಿದೆ. ಕಂಟ್ರೋಲ್-ಎಫ್1ರಿಂದ ಕೀಲಿ ಹೊಂದಿಸುವ ಪರದೆ ತೆರೆದು, ಆ ಎರಡೂ ಕೆಲಸಗಳಿಗೆ ಬೇರೆ ಕೀಲಿ ಕೊಟ್ಟ ಮೇಲಷ್ಟೇ ದಾಖಲೆಗೆ ಕೈ ಹಾಕಿ.