ಮ್ಯಾನೇಜರ್ ಹುದ್ದೆಯ ಅರ್ಜಿ ತುಂಬುವ ಮುನ್ನ: ಪುಣೆಗೆ ಹೊಸದಾಗಿ ಬಂದವರಿಗೆ

ಹಿಂಜವಡಿ, ಖರಾಡಿಯ ಐಟಿ ಕಂಪನಿ ಇರಲಿ, ಚಾಕಣದ ಕಾರ್ಖಾನೆ ಇರಲಿ, ರೆಸ್ಯೂಮೆ ಕಳಿಸಿದ ಮೇಲೂ ಬಹಳ ಕಡೆ ಅವರದೇ ಒಂದು ಅರ್ಜಿ ಫಾರಂ ತುಂಬಿಸಿಕೊಳ್ಳುತ್ತಾರೆ. ಎಲ್ಲಾ ರೆಸ್ಯೂಮೆಯಲ್ಲೇ ಇದೆಯಲ್ಲ ಎಂದು ನಮ್ಮವರು ರಿಸೆಪ್ಷನ್ನಿನ ಸೋಫಾದಲ್ಲಿ ಕೂತು ಅವಸರದಲ್ಲಿ ಗೀಚಿ ಕೊಡುತ್ತಾರೆ. ಹಾಗೆ ಮಾಡಬೇಡಿ. ರೆಸ್ಯೂಮೆ ನೀವು ಹೇಳಬೇಕೆಂದುಕೊಂಡದ್ದು. ಫಾರಂ ಅವರು ಕೇಳಿದ್ದು. ಅದರ ಕೊನೆಯಲ್ಲಿ ನಿಮ್ಮ ಸಹಿಯೂ ಇರುತ್ತದೆ.

ಮೊದಲ ತೊಡಕು ಹೆಸರಿನದು. ಇಲ್ಲಿಯ ಫಾರಂನಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಮನೆ. ಉತ್ತರ ಕರ್ನಾಟಕದವರಿಗೆ ಇದು ಸಲೀಸು. ಹಾಸನ, ಮಂಡ್ಯ ಕಡೆಯ ಎಚ್. ಎನ್. ಸತೀಶ ಏನು ಮಾಡಬೇಕು? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪ್ಯಾನ್ ಕಾರ್ಡಿನಲ್ಲಿ ಅದನ್ನೇ ಬಿಡಿಸಿ ಬರೆದದ್ದು, ಆಧಾರ್‌ನಲ್ಲಿ ಇನ್ನೊಂದು ಥರ. ಪೆನ್ನು ಎತ್ತುವ ಮುಂಚೆ ಆಧಾರ್, ಪ್ಯಾನ್, ಪಿಎಫ್ ಖಾತೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸವಿದ್ದರೆ ಈಗಲೇ ತಿದ್ದಿಸಿ. ಹಳೆಯ ಪಿಎಫ್ ವರ್ಗಾವಣೆ ಸಿಕ್ಕಿಕೊಳ್ಳುವುದು ಇಲ್ಲೇ. ಮದುವೆಯಾದ ಹೆಣ್ಣುಮಕ್ಕಳಿಗೆ ಗಂಡನ ಹೆಸರು, ಅವರ ಅಡ್ಡಹೆಸರು ಬರೆಯಿರಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ನಿಮ್ಮ ದಾಖಲೆಯಲ್ಲಿ ಅಪ್ಪನ ಹೆಸರಿದ್ದರೆ ಅದನ್ನೇ ಬರೆಯಿರಿ.

ಇನ್ನು ಈ ಫಾರಂನ ಜೀವ ಇರುವ ಜಾಗ. ಹುಬ್ಬಳ್ಳಿಯಿಂದ ಬಂದ ಒಬ್ಬರು ಈಚೆಗೆ ತಮ್ಮ ಫಾರಂ ತೋರಿಸಿದರು. ಹೊಣೆಗಾರಿಕೆ ಬರೆಯಲು ಅರ್ಧ ಪುಟದ ಜಾಗ. ಅದರಲ್ಲಿ ಒಂದೇ ಸಾಲು, ‘ಪ್ರೊಡಕ್ಷನ್ ನೋಡಿಕೊಳ್ಳುವುದು’. ಕೂರಿಸಿಕೊಂಡು ಕೇಳುತ್ತಾ ಹೋದರೆ ಒಂದೊಂದೇ ಹೊರಬಂತು. ಎರಡು ಶಿಫ್ಟು, ಕೈಕೆಳಗೆ 4 ಸೂಪರ್‌ವೈಸರುಗಳು, 60 ಆಪರೇಟರುಗಳು. 5 ಲಕ್ಷ ರೂಪಾಯಿವರೆಗಿನ ಬಿಡಿಭಾಗದ ಖರೀದಿಗೆ ಇವರದೇ ಸಹಿ. ಕೆಲಸ ನಡೆಯುವಾಗ ಬಿಡಿಭಾಗವನ್ನು ಬಿಗಿಯಾಗಿ ಹಿಡಿದಿಡುವ ಫಿಕ್ಸ್ಚರ್ ಬದಲಿಸಲು ಹಟ ಹಿಡಿದು ರಿಜೆಕ್ಷನ್ನನ್ನು, ಅಂದರೆ ಕೆಟ್ಟು ತಿರಸ್ಕೃತವಾಗುವ ಮಾಲನ್ನು, ಶೇ. 4ರಿಂದ 1.5ಕ್ಕೆ ಇಳಿಸಿದವರೂ ಇವರೇ. ಇದನ್ನೆಲ್ಲ ಯಾಕೆ ಬರೆಯಲಿಲ್ಲ ಎಂದರೆ, “ಅದೆಲ್ಲಾ ಟೀಮ್ ಮಾಡಿದ್ದ್ರೀ ಸರ, ನಂದು ಅಂತ ಹೆಂಗ ಬರೀಲಿ?”

ಈ ಸಂಕೋಚ ನಮ್ಮವರಲ್ಲಿ ಬಹಳ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಮ್ಯಾನೇಜರ್ ಕೆಲಸಕ್ಕೆ ಆರಿಸುವವರು ಹುಡುಕುವುದು ಎಷ್ಟು ಜನರನ್ನು, ಎಷ್ಟು ದುಡ್ಡನ್ನು, ಯಾವ ನಿರ್ಧಾರವನ್ನು ನೀವು ಹೊತ್ತಿದ್ದಿರಿ ಎಂಬುದನ್ನು. ಕೆಲಸ ಟೀಮಿನದೇ; ನಿರ್ಧಾರ ನಿಮ್ಮದಾಗಿದ್ದರೆ ‘ನಾನು’ ಎಂದೇ ಬರೆಯಿರಿ. ನೀವು ಯಾರಿಗೆ ವರದಿ ಮಾಡುತ್ತಿದ್ದಿರಿ, ನಿಮಗೆ ಯಾರು ಎಂದು ಚಾರ್ಟ್ ಬರೆಯಲು ಕೆಲವು ಫಾರಂಗಳು ಜಾಗ ಬಿಟ್ಟಿರುತ್ತವೆ. ಅದನ್ನು ಖಾಲಿ ಬಿಡಬೇಡಿ. ನಿಮ್ಮ ಹುದ್ದೆಯ ತೂಕ ಅಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ. ಆದರೆ ಹಿಗ್ಗಿಸಿಯೂ ಬರೆಯಬೇಡಿ. ಸಂದರ್ಶನದಲ್ಲಿ ಕೇಳುವುದು ಇದೇ ಅಂಕಿಗಳನ್ನು.

ಸಂಬಳದ ಕಾಲಂನಲ್ಲಿ ಕೈಗೆ ಬರುವುದನ್ನು 12ರಿಂದ ಗುಣಿಸಿ ಸಿಟಿಸಿ ಎಂದು ಹಾಕುವವರಿದ್ದಾರೆ. ಸಿಟಿಸಿ ಎಂದರೆ ಕಂಪನಿಗೆ ನಿಮ್ಮಿಂದ ವರ್ಷಕ್ಕೆ ಆಗುವ ಒಟ್ಟು ವೆಚ್ಚ; ಸಂಬಳದ ಜೊತೆ ಕಂಪನಿ ಕಟ್ಟುವ ಪಿಎಫ್, ಸಾಮಾನ್ಯವಾಗಿ ಗ್ರಾಚ್ಯುಟಿ, ಬೋನಸ್ ಎಲ್ಲ ಸೇರಿದ ಮೊತ್ತ ಅದು. ನೇಮಕಾತಿ ಪತ್ರದ ಅನುಬಂಧದಲ್ಲೇ ಇರುತ್ತದೆ. ಖಚಿತವಾಗಿ ಬರುವುದೆಷ್ಟು, ಸಾಧನೆ ನೋಡಿ ಕೊಡುವುದೆಷ್ಟು, ಬೇರೆಬೇರೆ ಬರೆಯಿರಿ. ನಿರೀಕ್ಷಿತ ಸಂಬಳಕ್ಕೆ ‘ಕಂಪನಿ ನಿಯಮದಂತೆ’ ಎಂದು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಇಲ್ಲಿಯ ಬಾಡಿಗೆ, ಮಕ್ಕಳ ಶಾಲೆ ಲೆಕ್ಕ ಹಾಕಿ ಒಂದು ಅಂಕಿ ಕೊಡಿ. ನೋಟಿಸ್ ಅವಧಿ 90 ದಿನವಿದ್ದರೆ 90 ಎಂದೇ ಬರೆಯಿರಿ.

ಕೆಲಸಕ್ಕೆ ಸೇರಿದ, ಬಿಟ್ಟ ದಿನಾಂಕ ಪಿಎಫ್ ದಾಖಲೆಯಲ್ಲಿ ಕಂಪನಿವಾರು ಕಾಣುತ್ತದೆ. ನಡುವೆ ಕೆಲಸವಿಲ್ಲದ ಆರು ತಿಂಗಳನ್ನು ಮುಚ್ಚಲು ತಾರೀಖು ಹಿಂದೆಮುಂದೆ ಮಾಡಿದರೆ ಹಿನ್ನೆಲೆ ಪರಿಶೀಲನೆಯಲ್ಲಿ ಆಫರ್ ಕೈತಪ್ಪುತ್ತದೆ. ಅಮ್ಮನ ಆಪರೇಷನ್ ಇತ್ತು ಎಂದಾದರೆ ಹಾಗೆಂದೇ ಒಂದು ಸಾಲು ಸಾಕು.

ಕರಾವಳಿಯವರಿಗೆ ಒಂದು ಮಾತು. ಮುಂಬೈಯಲ್ಲೋ ಪುಣೆಯಲ್ಲೋ ಮಾವನ ಹೋಟೆಲಿನ ಪಾಲುದಾರಿಕೆ ಪತ್ರದಲ್ಲಿ ನಿಮ್ಮ ಹೆಸರು ಇದ್ದೀತು. ಬೇರೆ ವ್ಯವಹಾರ ಇದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಗೆರೆ ಎಳೆಯುವ ಮುಂಚೆ ಮನೆಗೆ ಒಂದು ಫೋನ್ ಮಾಡಿ ಕೇಳಿ. ಇದ್ದರೆ ತಿಳಿಸಿ.

ಭಾಷೆಯ ಕಾಲಂನಲ್ಲಿ ಓದು, ಬರಹ, ಮಾತು ಬೇರೆಬೇರೆ. ಶಾಲೆಯಲ್ಲಿ ಹಿಂದಿ ಕಲಿತವರಿಗೆ ಮರಾಠಿ ಲಿಪಿ ಗೊತ್ತೇ ಇರುತ್ತದೆ. ಆದರೆ ಮಾತಿಗೆ ಗುರುತು ಹಾಕಿದರೆ ಎದುರಿಗಿದ್ದವರು ಮರಾಠಿಯಲ್ಲೇ ಶುರು ಮಾಡಿಯಾರು. ಕನ್ನಡವನ್ನು ಬರೆಯಲು ಮರೆಯಬೇಡಿ, ಕರ್ನಾಟಕದ ಮಾರುಕಟ್ಟೆ ನೋಡಿಕೊಳ್ಳುವ ಹುದ್ದೆಯಾದರೆ ಅದಕ್ಕೆ ಬೆಲೆಯಿದೆ.

ರೆಫರೆನ್ಸಿಗೆ ಹಳೆಯ ಬಾಸ್ ಹೆಸರು ಕೊಡುವುದಾದರೆ ಮೊದಲು ಅವರನ್ನು ಕೇಳಿ, ನೀವು ಬರೆದ ಅಂಕಿಗಳನ್ನೂ ತಿಳಿಸಿ. ಸಹಿ ಮಾಡಿದ ಮೇಲೆ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಎರಡನೇ ಸುತ್ತಿಗೆ ಕರೆ ಬರುವಾಗ ತಿಂಗಳು ಕಳೆದಿರಬಹುದು, ಅವರ ಮೇಜಿನ ಮೇಲೆ ಆ ಫಾರಂ ಇರುತ್ತದೆ.