ಮದುವೆಗೆಂದು ಕೆಲಸ ಬಿಡುವ ಮುನ್ನ: ಜರ್ಮನಿಯ ಹೊಸಬರಿಗೆ ಒಂದಿಷ್ಟು ಮಾತು

ವರ್ಷಕ್ಕೆ ಒಬ್ಬಿಬ್ಬರಾದರೂ ಫೋನ್ ಮಾಡುತ್ತಾರೆ. ಯುಗಾದಿ ಕಾರ್ಯಕ್ರಮದಲ್ಲೋ ಗಣೇಶನ ಹಬ್ಬದ ಊಟದ ಸಾಲಿನಲ್ಲೋ ಒಮ್ಮೆ ಪರಿಚಯವಾದ ಹುಡುಗಿಯರು. ಕ್ಷೇಮ ಸಮಾಚಾರ ಮುಗಿದ ಮೇಲೆ ಸ್ವಲ್ಪ ತಡವರಿಸಿ, "ಅಕ್ಕಾ, ಮದುವೆ ನಿಶ್ಚಯವಾಗಿದೆ. ಅವರು ಬೇರೆ ಊರಿನಲ್ಲಿದ್ದಾರೆ. ನಾನು ರಾಜೀನಾಮೆ ಕೊಟ್ಟಾಯಿತು. ನಿರುದ್ಯೋಗ ಭತ್ಯೆ ಸಿಗುತ್ತದೆಯೇ?" ಎನ್ನುತ್ತಾರೆ. ಸಿಗುತ್ತದೆ, ಸಿಗಬೇಕು. ಆದರೆ ಆ "ಕೊಟ್ಟಾಯಿತು" ಎಂಬ ಮಾತು ಕಿವಿಗೆ ಬಿದ್ದೊಡನೆ 2014ರ ನನ್ನ ಪೆದ್ದುತನವೆಲ್ಲ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಆಗ ನಾನು ಸ್ಟುಟ್‌ಗಾರ್ಟ್‌ನಲ್ಲಿದ್ದೆ. ವಾಹನದ ಬಿಡಿಭಾಗಗಳ ಕಂಪನಿಯೊಂದರಲ್ಲಿ ಮೂರೂವರೆ ವರ್ಷದ ಕೆಲಸ. ಹುಡುಗ ಹ್ಯಾಂಬರ್ಗ್‌ನಲ್ಲಿ. ಹಾಸನದ ಎರಡು ಮನೆಯವರು ಕೂತು ಜಾತಕ ನೋಡಿದಾಗ, ಇಬ್ಬರೂ ಜರ್ಮನಿಯಲ್ಲೇ ಇದ್ದಾರಲ್ಲ ಎಂದು ಸಮಾಧಾನಪಟ್ಟುಕೊಂಡರು, ನಾವೇನೋ ಅಕ್ಕಪಕ್ಕದ ಬೀದಿಯವರು ಎಂಬ ಹಾಗೆ. ನಡುವೆ 650 ಕಿಲೋಮೀಟರ್ ಇದೆ, ವೇಗದ ರೈಲಿನಲ್ಲೂ ಐದು ತಾಸಿಗೆ ಕಡಿಮೆಯಿಲ್ಲ ಎಂದು ನಾನು ಹೇಳಿದ್ದಕ್ಕೆ, "ಹೇಗೂ ನೀನು ಅಲ್ಲಿಗೆ ಹೋಗುತ್ತೀಯಲ್ಲ" ಎಂದು ಅತ್ತೆಯಾಗುವವರು ನಕ್ಕರು. ನಾನೂ ನಕ್ಕೆ. ಯಾರು ಹೋಗಬೇಕು ಎಂಬುದು ಚರ್ಚೆಯ ವಿಷಯವೇ ಆಗಲಿಲ್ಲ.

ನನ್ನ ಕರಾರಿನ ಪ್ರಕಾರ ಮೂರು ತಿಂಗಳು ಮುಂಚೆ ತಿಳಿಸಬೇಕಿತ್ತು, ಅದೂ ತ್ರೈಮಾಸಿಕದ ಕೊನೆಗೆ ಮಾತ್ರ ಬಿಡುಗಡೆ. ಪುರೋಹಿತರು ವೈಶಾಖದಲ್ಲಿ ಮುಹೂರ್ತ ಕೊಟ್ಟರು. ಮಾರ್ಚ್ 31 ತಪ್ಪಿದರೆ ಜೂನ್ 30, ಅದರ ಬೆನ್ನಿಗೇ ಆಷಾಢ. ಜರ್ಮನಿಯ ಕಾನೂನಿಗೂ ಒಂಟಿಕೊಪ್ಪಲ್ ಪಂಚಾಂಗಕ್ಕೂ ಹೊಂದಿಸುವುದು ಹೇಗೆ ಎಂದು ಒಂದು ರಾತ್ರಿ ತಲೆ ಕೆಡಿಸಿಕೊಂಡು, ಡಿಸೆಂಬರ್ ಕೊನೆಯಲ್ಲಿ ರಾಜೀನಾಮೆ ಕೊಟ್ಟುಬಿಟ್ಟೆ. ಕಂಪನಿಗೆ ಕೊಡುವ ಪತ್ರದಲ್ಲಿ ಕಾರಣ ಬರೆಯಬೇಕಾಗಿಲ್ಲ. ಕಾಗದದ ಮೇಲೆ ಕೈಯಾರೆ ಸಹಿ ಇರಬೇಕು, ಅಷ್ಟೆ. ಇಮೇಲ್ ನಡೆಯುವುದಿಲ್ಲ. ಅಷ್ಟನ್ನು ಮಾತ್ರ ನಾನು ಸರಿಯಾಗಿ ಮಾಡಿದ್ದೆ.

ಮಾಡದೆ ಬಿಟ್ಟದ್ದನ್ನು ಹೇಳುತ್ತೇನೆ. ಕೆಲಸ ಮುಗಿಯುತ್ತದೆಂದು ಗೊತ್ತಾದ ಮೇಲೆ, ಕೊನೆಯ ದಿನಕ್ಕೆ ಮೂರು ತಿಂಗಳು ಇರುವಾಗಲೇ ಉದ್ಯೋಗ ಕಚೇರಿಗೆ, ಅಂದರೆ ಆರ್ಬೈಟ್ಸ್‌ಅಗೆಂಟೂರ್‌ಗೆ, ಕೆಲಸ ಹುಡುಕುತ್ತಿದ್ದೇನೆ ಎಂದು ತಿಳಿಸಬೇಕು. ಮೂರು ತಿಂಗಳಿಗಿಂತ ಕಡಿಮೆ ಸಮಯವಿದ್ದರೆ ಗೊತ್ತಾದ ಮೂರು ದಿನದೊಳಗೆ. ಫೋನಿನಲ್ಲಿ ಹೇಳಿದರೂ ಆಯಿತು. ನಾನೋ, ಕೆಲಸ ಇರುವಾಗಲೇ ನಿರುದ್ಯೋಗದ ಕಚೇರಿಗೆ ಫೋನ್ ಮಾಡುವುದು ಅಪಶಕುನ ಎಂದುಕೊಂಡು ಸುಮ್ಮನಿದ್ದೆ. ಆ ಮೌನದ ಬೆಲೆ ಒಂದು ವಾರದ ಭತ್ಯೆ.

ಅದು ಚಿಲ್ಲರೆ ನಷ್ಟ. ದೊಡ್ಡದು ಬೇರೆಯೇ ಇದೆ. ಇಲ್ಲಿ ಕೆಲಸವನ್ನು ತಾನಾಗಿ ಬಿಟ್ಟವರಿಗೆ 12 ವಾರ ಭತ್ಯೆ ತಡೆಹಿಡಿಯುತ್ತಾರೆ. ಅದಕ್ಕೆ ಶ್ಪೆರ್ಟ್ಸೈಟ್ ಎಂದು ಹೆಸರು. ಬಿಡಲು ‘ಮುಖ್ಯ ಕಾರಣ’ ಇತ್ತು ಎಂದು ತೋರಿಸಿದರೆ ತಡೆ ಇಲ್ಲ. ಗಂಡನ ಅಥವಾ ಹೆಂಡತಿಯ ಜೊತೆ ಬಾಳಲು ಊರು ಬದಲಿಸುವುದು ಅಂಥ ಮುಖ್ಯ ಕಾರಣ. ಮದುವೆ ಇನ್ನೂ ಆಗಿಲ್ಲ, ಸದ್ಯದಲ್ಲೇ ಇದೆ ಎನ್ನುವವರಿಗೂ ಇದು ಸಲ್ಲುತ್ತದೆ. "ಯಾವತ್ತೋ ಆಗುತ್ತೇವೆ" ಎಂದರೆ ಸಾಲದು, ದಿನಾಂಕ ಬೇಕು. ಹೊಸ ಮನೆಯಿಂದ ಹಳೆಯ ಕೆಲಸಕ್ಕೆ ಓಡಾಡುವುದು ಸಾಧ್ಯವಿರಬಾರದು. ಪೂರ್ಣಾವಧಿ ಕೆಲಸಕ್ಕೆ ಹೋಗಿ ಬರಲು ದಿನಕ್ಕೆ ಎರಡೂವರೆ ತಾಸಿನವರೆಗೆ ಸಹಿಸಿಕೊಳ್ಳಬೇಕು ಎಂಬುದು ಇವರ ಲೆಕ್ಕ. ಬೆಂಗಳೂರಿನಲ್ಲಿ ವೈಟ್‌ಫೀಲ್ಡ್‌ಗೆ ಓಡಾಡಿದವರು ಇದನ್ನು ಓದಿ ನಗಬಹುದು. ಜೊತೆಗೆ, ಕೆಲಸ ಬಿಡುವ ಮೊದಲೇ ಹೊಸ ಊರಿನಲ್ಲಿ ಕೆಲಸಕ್ಕಾಗಿ ನಿಜವಾಗಿ ಪ್ರಯತ್ನ ಪಟ್ಟಿರಬೇಕು.

ನನಗೆ ಕಾರಣವಿತ್ತು, ದಿನಾಂಕವಿತ್ತು, 650 ಕಿಲೋಮೀಟರ್ ಅಂತರವಿತ್ತು. ಆದರೂ ಸೋತೆ. ಹೇಗೆಂದರೆ, ಕೆಲಸ ಏಕೆ ಬಿಟ್ಟಿರಿ ಎಂದು ಉದ್ಯೋಗ ಕಚೇರಿಯಿಂದ ಒಂದು ಪ್ರಶ್ನಾವಳಿ ಬರುತ್ತದೆ. ಅದರಲ್ಲಿ ನಾಲ್ಕೈದು ಸಾಲು ಖಾಲಿ ಜಾಗ. ನಾನು ಅಲ್ಲಿ ಬರೆದದ್ದು ಎರಡೇ ಪದ: "ವೈಯಕ್ತಿಕ ಕಾರಣಗಳು."

ಏಕೆ ಹಾಗೆ ಬರೆದೆ ಎಂದು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಕಾಲೇಜಿನ ರಜಾ ಚೀಟಿಯಿಂದ ಹಿಡಿದು ರಾಜೀನಾಮೆಯವರೆಗೆ ನಾವು ಕಲಿತ ಮರ್ಯಾದೆಯ ಭಾಷೆಯೇ ಅದು. ನನ್ನ ಮದುವೆಯ ವಿಷಯ ಪರಿಚಯವಿಲ್ಲದ ಅಧಿಕಾರಿಗೆ ಏಕೆ? ಅದೂ ಹಣ ಕೇಳುವ ಅರ್ಜಿಯಲ್ಲಿ ಮದುವೆಯ ಮಾತೆತ್ತುವುದೆಂದರೆ ನಾಚಿಕೆಗೇಡು ಎನ್ನಿಸಿತ್ತು. ಆದರೆ ಓದುವ ಅಧಿಕಾರಿಗೆ ಆ ಎರಡು ಪದದ ಅರ್ಥ ‘ಮುಖ್ಯ ಕಾರಣ ಇಲ್ಲ’ ಎಂದೇ.

ನೀವು ಹೀಗೆ ಬರೆಯಿರಿ: ಇಂಥ ದಿನ ಮದುವೆ, ಇಂಥವರ ಜೊತೆ, ಅವರ ಕೆಲಸ ಈ ಊರಿನಲ್ಲಿ, ನನ್ನ ಕಚೇರಿಗೆ ಅಲ್ಲಿಂದ ಇಷ್ಟು ತಾಸಿನ ದಾರಿ, ಈ ದಿನದಿಂದ ಇಷ್ಟು ಕಂಪನಿಗಳಿಗೆ ಅರ್ಜಿ ಹಾಕಿದ್ದೇನೆ. ಲಗ್ನಪತ್ರಿಕೆ, ಬಾಡಿಗೆ ಕರಾರು, ಅರ್ಜಿ ಹಾಕಿದ ಇಮೇಲ್‌ಗಳು, ಬಂದ ನಿರಾಕರಣೆಗಳು, ಎಲ್ಲವನ್ನೂ ಲಗತ್ತಿಸಿ. ನಿರಾಕರಣೆಯ ಪತ್ರ ಬಂದರೆ ಅಳಬೇಡಿ, ಮುದ್ರಿಸಿ ಇಟ್ಟುಕೊಳ್ಳಿ. ಸಾಧ್ಯವಾದರೆ ರಾಜೀನಾಮೆಗೆ ಮೊದಲೇ ಒಮ್ಮೆ ಉದ್ಯೋಗ ಕಚೇರಿಯವರನ್ನು ಕೇಳಿ, ಯಾರು ಏನು ಹೇಳಿದರು ಎಂದು ಬರೆದಿಟ್ಟುಕೊಳ್ಳಿ. ನಾನು ಆ ಮೂರು ತಿಂಗಳು ರವಿಕೆ ಹೊಲಿಸುವವಳಿಗೆ ಅಳತೆ ಕಳಿಸುವುದರಲ್ಲಿ ಕಳೆದೆ. ಒಂದೇ ಒಂದು ಅರ್ಜಿ ಹಾಕಿರಲಿಲ್ಲ.

ಇನ್ನು ಮದುವೆಗೆ ಊರಿಗೆ ಹೋಗುವ ವಿಷಯ. ಮಾರ್ಚ್ ಮುಗಿದೊಡನೆ ವಿಮಾನ ಹತ್ತಿ, ನಿಶ್ಚಿತಾರ್ಥದಿಂದ ಹಿಡಿದು ಬೀಗರೂಟ, ಧರ್ಮಸ್ಥಳದ ದರ್ಶನದವರೆಗೆ ಎಲ್ಲ ಮುಗಿಸಿ ಜೂನ್‌ನಲ್ಲಿ ಹ್ಯಾಂಬರ್ಗ್‌ಗೆ ಬಂದೆ. ಭತ್ಯೆ ಎಣಿಕೆಗೆ ಬರುವುದು ನಿರುದ್ಯೋಗಿ ಎಂದು ನೋಂದಾಯಿಸಿದ ದಿನದಿಂದ, ಅದಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. ಆಗ ಖುದ್ದಾಗಿ ಹೋಗಬೇಕಿತ್ತು. 2022ರಿಂದ ಗುರುತಿನ ಕಾರ್ಡಿನ ಆನ್‌ಲೈನ್ ಸೌಲಭ್ಯದಿಂದಲೂ ಆಗುತ್ತದೆ. ಆದರೂ ಭತ್ಯೆ ಪಡೆಯುವವರು ಕೆಲಸ ಬಂದರೆ ಹೋಗಲು ಸಿದ್ಧರಾಗಿ ಇಲ್ಲೇ ಇರಬೇಕು. ಕಚೇರಿಯ ಒಪ್ಪಿಗೆ ಪಡೆದು ವರ್ಷಕ್ಕೆ ಮೂರು ವಾರ ಹೊರಗೆ ಹೋಗಬಹುದು. ಮೂರು ವಾರದಲ್ಲಿ ನಮ್ಮ ಕಡೆಯ ಮದುವೆ ಮುಗಿಯುತ್ತದೆಯೇ ಎಂಬುದನ್ನು ನಿಮ್ಮ ಸೋದರಮಾವಂದಿರ ಹತ್ತಿರ ಕೇಳಿ.

12 ವಾರದ ತಡೆಯ ಆದೇಶ ಬಂದಾಗ ಮೊದಲು ನನಗೆ ಖುಷಿಯಾಯಿತು ಎಂದರೆ ನಂಬುತ್ತೀರಾ? ಅದು ಕೆಲಸ ಮುಗಿದ ಮರುದಿನದಿಂದಲೇ ಓಡತೊಡಗುತ್ತದೆ. ನಾನು ಹಾಸನದಲ್ಲಿ ಹೋಳಿಗೆ ತಿನ್ನುತ್ತಿದ್ದಾಗಲೇ ಅದರ ಬಹುಪಾಲು ಕಳೆದುಹೋಗಿತ್ತು. ಜೂನ್ 23ಕ್ಕೆ ಮುಗಿಯಿತಲ್ಲ, ನಷ್ಟವೇನು ಎಂದುಕೊಂಡೆ. ಎರಡನೆಯ ಪುಟ ತಿರುಗಿಸಿದಾಗ ಅರ್ಥವಾಯಿತು: ತಡೆಯ ಜೊತೆಗೆ, ಒಟ್ಟು ಸಿಗಬೇಕಾದ ಅವಧಿಯಲ್ಲೇ ಕನಿಷ್ಠ ಕಾಲು ಭಾಗವನ್ನು ಕತ್ತರಿಸಿಬಿಡುತ್ತಾರೆ. ಎರಡು ವರ್ಷ ದುಡಿದವರಿಗೆ 12 ತಿಂಗಳ ಭತ್ಯೆ, ಒಂದು ವರ್ಷ ದುಡಿದವರಿಗೆ 6 ತಿಂಗಳು. ನನ್ನ 12 ತಿಂಗಳು 9 ಆಯಿತು. ನಾಚಿಕೆಯಿಂದ ಬರೆದ ಎರಡು ಪದಕ್ಕೆ ಮೂರು ತಿಂಗಳು.

ಅದರ ವಿರುದ್ಧ ಒಂದು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ವಿಡರ್‌ಶ್ಪ್ರುಖ್ ಎನ್ನುತ್ತಾರೆ. ಖರ್ಚಿಲ್ಲ, ಒಂದು ಹಾಳೆ ಸಾಕು. ನಾನು ಆ ಪತ್ರವನ್ನು ಆಮೇಲೆ ನಿಘಂಟು ಹಿಡಿದು ಓದೋಣವೆಂದು ದೇವರ ಪಟದ ಹಿಂದೆ ಸಿಕ್ಕಿಸಿದ್ದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಪಟ ಒರೆಸುವಾಗ ಸಿಕ್ಕಿತು. ಗಡುವು ಕಳೆದು ವಾರವಾಗಿತ್ತು. ಗಡುವು ತಪ್ಪಿದ ಮೇಲೂ ಆದೇಶವನ್ನು ಮರುಪರಿಶೀಲಿಸಿ ಎಂದು ಕೇಳಬಹುದು, ನಾಲ್ಕು ವರ್ಷದ ಹಿಂದಿನದಕ್ಕೂ ಹಣ ಬರಬಹುದು ಎಂದು ತಿಳಿದದ್ದು ಆರನೆಯ ವರ್ಷದಲ್ಲಿ. ಜರ್ಮನ್ ಪತ್ರ ಬಂದ ದಿನವೇ ಓದಿ. ಓದಲು ಬಾರದಿದ್ದರೆ ಕನ್ನಡ ಸಂಘದಲ್ಲಿ ಯಾರಾದರೂ ಓದಿ ಹೇಳುತ್ತಾರೆ, ನಾನಂತೂ ಹೇಳುತ್ತೇನೆ. ಫೌ-ಡೆ-ಕಾ (VdK) ಎಂಬ ಸಾಮಾಜಿಕ ಹಕ್ಕುಗಳ ಸಂಘದ ಸದಸ್ಯರಾದರೆ ಅಲ್ಲಿನ ಕಾನೂನು ಬಲ್ಲವರು ಇಂಥ ಪ್ರಕರಣಗಳಲ್ಲಿ ನೆರವಾಗುತ್ತಾರೆ.

ಇನ್ನೊಂದು ಹೊಂಡವಿದೆ, ಅದಕ್ಕೂ ನಾನು ಬಿದ್ದಿದ್ದೇನೆ. ಮದುವೆಯಾದೊಡನೆ ನಮ್ಮ ಹಿರಿಯರೊಬ್ಬರು, "ಗಂಡ ಮೂರನೇ ತೆರಿಗೆ ವರ್ಗ, ಹೆಂಡತಿ ಐದನೇ ವರ್ಗ, ಕೈಗೆ ಹೆಚ್ಚು ಸಂಬಳ ಬರುತ್ತದೆ" ಎಂದು ಉಪದೇಶಿಸಿದರು. ಮಾಡಿಸಿದೆವು. ಮೂರರಲ್ಲಿ ತಿಂಗಳ ಸಂಬಳದಿಂದ ಹಿಡಿಯುವ ತೆರಿಗೆ ಕಡಿಮೆ, ಐದರಲ್ಲಿ ಹೆಚ್ಚು, ನಾಲ್ಕರಲ್ಲಿ ಇಬ್ಬರಿಗೂ ಒಂದೇ ಬಗೆ. ಭತ್ಯೆ ಎಂದರೆ ಕೈಗೆ ಬರುತ್ತಿದ್ದ ಸಂಬಳದ ಲೆಕ್ಕದಲ್ಲಿ ಶೇಕಡ 60, ಮಕ್ಕಳಿದ್ದರೆ 67. ಆ ಲೆಕ್ಕ ತೆರಿಗೆ ವರ್ಗವನ್ನು ಅವಲಂಬಿಸಿದೆ. ಐದನೇ ವರ್ಗಕ್ಕೆ ಹೋದ ದಿನದಿಂದ ನನ್ನ ಭತ್ಯೆ ಸೊರಗಿತು. ವರ್ಷದ ಕೊನೆಯಲ್ಲಿ ಲೆಕ್ಕ ಸಲ್ಲಿಸಿದಾಗ ಇಬ್ಬರ ಒಟ್ಟು ತೆರಿಗೆ ಹೇಗೂ ಅಷ್ಟೇ ಆಗುತ್ತದೆ, ಆದರೆ ಕಳೆದುಹೋದ ಭತ್ಯೆ ಮರಳುವುದಿಲ್ಲ. ಇಬ್ಬರೂ ನಾಲ್ಕರಲ್ಲೇ ಇರಿ. ಮುಂದೆ ಮಗುವಾದಾಗ ತಂದೆತಾಯಿಗೆ ಸಿಗುವ ಭತ್ಯೆಯಾದ ಎಲ್ಟರ್‌ಗೆಲ್ಡ್‌ಗೂ ಇದೇ ಮಾತು. ಈಗಲೂ ನಮ್ಮವರ ಮನೆಗಳಲ್ಲಿ ಮೂರು ಯಾರು, ಐದು ಯಾರು ಎಂದು ಕೇಳಿ ನೋಡಿ, ಉತ್ತರ ಬದಲಾಗಿಲ್ಲ.

ಉಳಿದ ಕಾಗದಪತ್ರಗಳನ್ನು ಬೇಗ ಮುಗಿಸುತ್ತೇನೆ. ಭತ್ಯೆ ಸಿಗಲು ಹಿಂದಿನ 30 ತಿಂಗಳಲ್ಲಿ 12 ತಿಂಗಳು ನಿರುದ್ಯೋಗ ವಿಮೆ ಕಟ್ಟಿರಬೇಕು. ಉಪನೋಂದಣಾಧಿಕಾರಿ ಕಚೇರಿಯ ವಿವಾಹ ಪ್ರಮಾಣಪತ್ರವನ್ನು ಊರು ಬಿಡುವ ಮೊದಲೇ ಪಡೆದು, ಪ್ರಮಾಣೀಕೃತ ಅನುವಾದಕರಿಂದ ಜರ್ಮನ್‌ಗೆ ಮಾಡಿಸಿ. ಪರಿಣತ ಕೆಲಸಗಾರರ ವಾಸದ ಪರವಾನಗಿಯಾದ ಬ್ಲೂ ಕಾರ್ಡ್‌ನವರು ಕೆಲಸ ಮುಗಿದದ್ದನ್ನು ವಿದೇಶಿಯರ ಕಚೇರಿಗೆ ಎರಡು ವಾರದಲ್ಲಿ ತಿಳಿಸಿ. ಭತ್ಯೆಗೆ ತೆರಿಗೆಯಿಲ್ಲ, ಆದರೆ ಉಳಿದ ಆದಾಯದ ತೆರಿಗೆ ದರವನ್ನು ಅದು ಏರಿಸುತ್ತದೆ.

ವೀಸಾಕ್ಕೆ ತೊಂದರೆಯಾಗುತ್ತದೆಂದು ಹೆದರಿ ಅರ್ಜಿಯನ್ನೇ ಹಾಕದವರು ನಮ್ಮಲ್ಲಿ ಬಹಳ. ಇದು ಸರ್ಕಾರದ ದಾನವಲ್ಲ. ಸಂಬಳದ ಚೀಟಿಯಲ್ಲಿ ತಿಂಗಳು ತಿಂಗಳು ನೀವೇ ಕಟ್ಟಿದ ವಿಮೆ. ಕಂತು ಕಟ್ಟಿ ಪಡೆಯುವ ಈ ಹಣವನ್ನು ವಾಸದ ಪರವಾನಗಿಯ ವಿಷಯದಲ್ಲಿ ಸರ್ಕಾರದ ಹಂಗು ಎಂದು ಎಣಿಸುವುದಿಲ್ಲ.

ಉದ್ಯೋಗ ಕಚೇರಿಯ ಮೊದಲ ಭೇಟಿಯಲ್ಲಿ ಅಲ್ಲಿನ ಅಧಿಕಾರಿ ಮಹಿಳೆ ಕೇಳಿದ ಒಂದು ಪ್ರಶ್ನೆ ಇನ್ನೂ ನನ್ನ ಜೊತೆಗಿದೆ. "ನಿಮ್ಮ ಪತಿ ಏಕೆ ಸ್ಟುಟ್‌ಗಾರ್ಟ್‌ಗೆ ಬರಲಿಲ್ಲ?" ಬಹಳ ಸಹಜವಾಗಿ, ಪೆನ್ನು ಹಿಡಿದು, ಉತ್ತರ ಬರೆದುಕೊಳ್ಳಲು ಕೇಳಿದ್ದರು. ನನ್ನ ಬಳಿ ಉತ್ತರವಿರಲಿಲ್ಲ. ಸಿಟ್ಟು ಮಾತ್ರ ಬಂತು, ಇವರಿಗೆ ನಮ್ಮ ಪದ್ಧತಿ ಏನು ಗೊತ್ತು ಎಂದು. ಮನೆಗೆ ಬಂದು ಅಡುಗೆ ಮಾಡುವಾಗ ಅರಿವಾಯಿತು, ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನನಗೆ ಅವರಿಗಿಂತ ಹೆಚ್ಚಿನ ಸಂಬಳವಿತ್ತು.

ಅಮ್ಮ ಅರಸೀಕೆರೆಯ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ಮದುವೆಯಾಗಿ ಹಾಸನಕ್ಕೆ ಬಂದಾಗ ಬಿಟ್ಟಳು. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಇಲ್ಲಿನ ಲೆಕ್ಕ ಹಾಕಿದರೆ ಅಮ್ಮನಿಗೆ ‘ಮುಖ್ಯ ಕಾರಣ’ವೇ ಇರಲಿಲ್ಲ, ಪೂರಾ 12 ವಾರ ತಡೆ ಬೀಳುತ್ತಿತ್ತು. ಇದನ್ನು ಒಮ್ಮೆ ಫೋನಿನಲ್ಲಿ ತಮಾಷೆಯಾಗಿ ಹೇಳಿದೆ. ಅಮ್ಮ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಏಕೆ ಬಿಟ್ಟೆ ಎಂದು ನನ್ನನ್ನು ಒಬ್ಬರಾದರೂ ಕಾಗದ ಕೊಟ್ಟು ಕೇಳಿದ್ದರೆ ಚೆನ್ನಾಗಿತ್ತು" ಎಂದಳು. ನಾಲ್ಕನೇ ತರಗತಿಯ ಮಕ್ಕಳ ಹಾಜರಿ ಕರೆಯುವ ಕ್ರಮ ಅವಳಿಗೆ ಈಗಲೂ ನೆನಪಿದೆಯಂತೆ.

ನನ್ನ ಮಗಳಿಗೆ ಈಗ ಒಂಬತ್ತು. ಈಜು ತರಗತಿ ಬಿಡುವಾಗ ಅವಳೇ ಚೀಟಿ ಬರೆದಳು: ನೀರು ತಣ್ಣಗಿರುತ್ತದೆ, ತರಬೇತುದಾರರು ಕೂಗುತ್ತಾರೆ, ನನಗೆ ಇಷ್ಟವಿಲ್ಲ. ಹೀಗೆಲ್ಲ ಬರೆಯಬಾರದು ಕಂದಾ ಎನ್ನಲು ಬಾಯಿ ತೆರೆದು, ಮುಚ್ಚಿಕೊಂಡು, ಸಹಿ ಹಾಕಿದೆ. ಅವಳ ಕನ್ನಡದಲ್ಲಿ ‘ಸಂಕೋಚ’ ಎಂಬ ಪದವೇ ಇಲ್ಲ. ಅರ್ಥ ಕೇಳಿದಾಗ ಹೇಳಿಕೊಡಲು ನನಗೆ ಕಷ್ಟವಾಯಿತು. ಅವಳಿಗೆ ಅದರಿಂದ ಲಾಭವೇ ಇರಬಹುದು. ಆದರೂ ಅತ್ತೆಯ ಮನೆಯಲ್ಲಿ ಎರಡನೆಯ ಹೋಳಿಗೆಗೆ ಬೇಡ ಬೇಡ ಎಂದು ಕೈ ಅಡ್ಡ ಹಿಡಿದು, ಬಡಿಸಿದ ಮೇಲೆ ತಿನ್ನುವ ಸುಖವೂ ಅವಳಿಗೆ ಗೊತ್ತಿಲ್ಲ. ಅವಳು ನೇರವಾಗಿ ಇನ್ನೊಂದು ಕೊಡಿ ಎನ್ನುತ್ತಾಳೆ.

ಹೋದ ತಿಂಗಳು ಬಂದ ಫೋನ್ ಒಬ್ಬ ಹುಡುಗನದು. ತುಮಕೂರಿನ ಕಡೆಯವನು, ಮ್ಯೂನಿಕ್‌ನಲ್ಲಿ ಕೆಲಸ. ಮದುವೆಯಾಗುವ ಹುಡುಗಿ ಬರ್ಲಿನ್‌ನಲ್ಲಿದ್ದಾಳೆ. ಅವಳದು ಒಳ್ಳೆಯ ಕೆಲಸವಾದ್ದರಿಂದ ತಾನೇ ಬಿಟ್ಟು ಹೋಗುತ್ತಿದ್ದಾನೆ. ಕೆಲಸದ ಕೊನೆಯ ದಿನಕ್ಕೆ ಎರಡೇ ತಿಂಗಳಿದೆ. "ಗಂಡಸರಿಗೂ ಇದು ಕಾರಣವಾಗುತ್ತದೆಯೇ ಅಕ್ಕಾ?" ಎಂದ. ಆಗುತ್ತದೆ, ಅದೇ ಪ್ರಶ್ನಾವಳಿ, ಅದೇ ಖಾಲಿ ಸಾಲುಗಳು ಎಂದೆ. ಅವನು ದನಿ ತಗ್ಗಿಸಿ, "ಅಮ್ಮನಿಗೆ ಇನ್ನೂ ಹೇಳಿಲ್ಲ" ಎಂದ.

"ಅಮ್ಮನಿಗೆ ನಿಧಾನವಾಗಿ ಹೇಳು. ಉದ್ಯೋಗ ಕಚೇರಿಗೆ ಹೇಳಲು ನಿನಗೆ ಇರುವುದು ಮೂರೇ ದಿನ" ಎಂದೆ.